ಜೋಡಿ ಮುರಿದಾಗ



ಸಹಮ್‌ನ ಕನ್ನಡ ಕುಟುಂಬಗಳು ಈಚೆಗೆ ಒಂದು ಮನೆಯಲ್ಲಿ ಊಟಕ್ಕೆ ಸೇರಿದ್ದಾಗ ಇಬ್ಬರು ಹುಡುಗರು ಟಿವಿಯ ಮುಂದೆ ಜಗಳಕ್ಕೆ ನಿಂತಿದ್ದರು. ಕುಸ್ತಿಯ ಜೋಡಿಯೊಂದು ಮುರಿದಿತ್ತು. ತಪ್ಪು ಯಾರದೆಂಬುದೇ ವಾದ. ಹಿರಿಯರೆಲ್ಲ ನಕ್ಕರು. ನಮಗೆ ಮಾತ್ರ ನಗು ಬರಲಿಲ್ಲ. ಮೂವತ್ತು ವರ್ಷಗಳ ಹಿಂದೆ ಇದೇ ಜಗಳ ನಮ್ಮ ಮನೆಯಲ್ಲೂ ಆಗಿತ್ತು.

ಮೈಸೂರು ದಸರಾದಲ್ಲಿ 'ಜೋಡಿ ಕಟ್ಟುವುದು' ಎಂದರೆ ಪರಸ್ಪರ ಸೆಣಸುವ ಇಬ್ಬರು ಪೈಲ್ವಾನರನ್ನು ಗೊತ್ತುಮಾಡುವುದು. ಅಮೆರಿಕದ ಟ್ಯಾಗ್ ಟೀಮ್ ಕುಸ್ತಿಯಲ್ಲಿ ಜೋಡಿಯೆಂದರೆ ಒಂದೇ ಪಕ್ಷದವರು. ಒಬ್ಬ ಅಖಾಡದಲ್ಲಿ, ಇನ್ನೊಬ್ಬ ಹಗ್ಗದಾಚೆ. ಸೋತವನು ಕೈ ಮುಟ್ಟಿಸಿದರೆ ಮತ್ತೊಬ್ಬ ಒಳಬರುತ್ತಾನೆ. ನೋಡುವವರ ಮನಸ್ಸು ನಿಂತಿರುವುದೇ ಆ ಚಾಚಿದ ಕೈಯ ಮೇಲೆ. ಕುಸ್ತಿ ನಡೆಸುವ ಕಂಪೆನಿಗಳಿಗೆ ಇದು ಚೆನ್ನಾಗಿ ಗೊತ್ತು. ಗೆಳೆಯರಾಗಿದ್ದ ಹಲ್ಕ್ ಹೋಗನ್ ಮತ್ತು ರ‍್ಯಾಂಡಿ ಸ್ಯಾವೇಜ್ 1989ರ ಫೆಬ್ರವರಿಯಲ್ಲಿ ಬೇರೆಯಾದರು. ಏಪ್ರಿಲ್‌ನ 'ರೆಸಲ್‌ಮೇನಿಯಾ'ದ ಟಿಕೆಟ್ ಮಾರಾಟವಾದದ್ದು ಆ ಒಡಕಿನ ಮೇಲೆಯೇ. 1992ರ ಜನವರಿಯಲ್ಲಿ ಶಾನ್ ಮೈಕಲ್ಸ್ ತನ್ನ ಜೊತೆಗಾರ ಮಾರ್ಟಿ ಜೆನೆಟಿಯನ್ನು ಗಾಜಿನ ಕಿಟಕಿಗೆ ಎಸೆದದ್ದನ್ನು ಟಿವಿಯಲ್ಲಿ ತೋರಿಸಿದರು. ಅಂದು ಛೀಮಾರಿ ಹಾಕಿದ ಜನವೇ 1996ರಲ್ಲಿ ಅವನು ಚಾಂಪಿಯನ್ ಆದಾಗ ಕುಣಿದಾಡಿತು.

ನಮ್ಮನ್ನು ತಟ್ಟಿದ್ದು ಹಾರ್ಟ್ ಸೋದರರ ಕಥೆ. ಕೆನಡಾದ ಕ್ಯಾಲ್ಗರಿಯ ಕುಸ್ತಿ ಮನೆತನ. ಸ್ಟೂ ಹಾರ್ಟ್ ಅವರ ಹನ್ನೆರಡು ಮಕ್ಕಳಲ್ಲಿ ಓವನ್ ಕೊನೆಯವನು. 1994ರ ಜನವರಿ 22ರಂದು ಅಣ್ಣ ಬ್ರೆಟ್ ಮೊಣಕಾಲು ನೋಯಿಸಿಕೊಂಡೂ ತಮ್ಮನಿಗೆ ಕೈ ಕೊಡಲಿಲ್ಲ. ರೆಫರಿ ಪಂದ್ಯ ನಿಲ್ಲಿಸಿದ, ಜೋಡಿ ಸೋತಿತು. ಓವನ್ ಅಣ್ಣನ ಅದೇ ಕಾಲಿಗೆ ಒದ್ದ. ಎಲ್ಲವೂ ಮೊದಲೇ ಬರೆದಿಟ್ಟ ಆಟ. ಆದರೂ ಜನ ಓವನ್‌ನನ್ನು ನಿಜವಾಗಿ ದ್ವೇಷಿಸಿದರು.

ಆಗ ನಾವು ವೈದ್ಯಕೀಯ ಓದುತ್ತಿದ್ದೆವು. ರಜೆಗೆ ಬಂದಾಗ ಕೇಬಲ್ ಟಿವಿಯಲ್ಲಿ ಇದನ್ನು ನೋಡಿ, "ಎಂಥಾ ದ್ರೋಹಿ!" ಎಂದೆವು. ಟ್ರಂಪ್ ಕಾರ್ಡ್ ಜೋಡಿಸುತ್ತಿದ್ದ ನಮ್ಮ ತಮ್ಮ ತಲೆಯೆತ್ತದೆ, "ಅಣ್ಣ ಕೈ ಕೊಡಬೇಕಿತ್ತು," ಎಂದ. ನಮ್ಮ ಫೀಸು, ಆಮೇಲೆ ಹೊರದೇಶದ ರೆಸಿಡೆನ್ಸಿಯ ಖರ್ಚು, ಎಲ್ಲ ಹೊರಟದ್ದು ಮನೆಯ ಅಡಿಕೆ ತೋಟದಿಂದ. ತಮ್ಮ ಪಿಯುಸಿಗೇ ಓದು ಬಿಟ್ಟು ತೋಟ ನೋಡಿಕೊಂಡ. ಮುಂದೆ ಆಸ್ತಿ ಪಾಲಿನ ಮಾತು ಬಂದಾಗ ಅವನ ಸಿಟ್ಟು ಕಂಡು ನಮಗೆ ಆಶ್ಚರ್ಯವಾಯಿತು. ಎಷ್ಟೋ ವರ್ಷ ಮಾತು ನಿಂತಿತು.

ಕನ್ನಡಿಗರಿಗೆ ಈ ಕಥೆ ಹೊಸದಲ್ಲ. ಪಂಪ 941ರಲ್ಲಿ ಬರೆದ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮಾಡುತ್ತಾರೆ. ಅಣ್ಣನನ್ನು ಮೇಲೆತ್ತಿದ ತಮ್ಮ ನೆಲಕ್ಕೆ ಅಪ್ಪಳಿಸಲಿಲ್ಲ. ಗೆದ್ದ ರಾಜ್ಯವನ್ನೂ ಬಿಟ್ಟು ತಪಸ್ಸಿಗೆ ಹೋದ. ಚಾವುಂಡರಾಯ 981ರಲ್ಲಿ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ 58 ಅಡಿಯ ಮೂರ್ತಿ ಆ ತಮ್ಮನದು, ಚಕ್ರವರ್ತಿಯಾದ ಅಣ್ಣನದಲ್ಲ. ಶಾಲಾ ಪ್ರವಾಸದಲ್ಲಿ ಬೆಟ್ಟ ಹತ್ತಿದ್ದಾಗ ನಾವು ಇದನ್ನು ಯೋಚಿಸಿರಲೇ ಇಲ್ಲ.

ಹಾರ್ಟ್ ಸೋದರರು 1997ರಲ್ಲಿ ಆಟದಲ್ಲೂ ಮತ್ತೆ ಒಂದಾದರು. ಆದರೆ 1999ರ ಮೇ 23ರಂದು ಕಾನ್ಸಾಸ್ ಸಿಟಿಯಲ್ಲಿ, ಮಾಡಿನಿಂದ ಹಗ್ಗದ ಮೂಲಕ ಇಳಿಯಬೇಕಿದ್ದ ಓವನ್ ಕೆಳಗೆ ಬಿದ್ದು ತೀರಿಕೊಂಡ. ವಯಸ್ಸು 34. ಅವನನ್ನು ಹೀಗಳೆದಿದ್ದ ಜನವೇ ಮರುದಿನ ಕಣ್ಣೀರಿಟ್ಟಿತು. ಆ ಸುದ್ದಿ ತಿಳಿದ ರಾತ್ರಿ ನಾವು ಊರಿಗೆ ಫೋನು ಮಾಡಿದೆವು. ತಮ್ಮನೇ ಎತ್ತಿದ. ಇಬ್ಬರೂ ಓವನ್‌ನ ಬಗ್ಗೆಯೇ ಮಾತಾಡಿದೆವು, ತೋಟದ ಸುದ್ದಿ ಎತ್ತಲಿಲ್ಲ. ಅದನ್ನು ಮಾತಾಡಿ ಮುಗಿಸಿದ್ದು ಮುಂದಿನ ರಜೆಯಲ್ಲಿ, ತೋಟದಲ್ಲೇ ಕೂತು.

ಮಕ್ಕಳ ಜಗಳ ಬಿಡಿಸುವ ಮುನ್ನ ಕಿರಿಯವನ ವಾದವನ್ನೂ ಒಮ್ಮೆ ಪೂರ್ತಿ ಕೇಳಿ ಎಂದು ಓದುಗರಲ್ಲಿ ನಮ್ಮ ವಿನಂತಿ.