ತಲೆಪೆಟ್ಟು, ಮನೋರೋಗ ಮತ್ತು ನ್ಯಾಯಾಲಯ: ಆರೋಪಿಗಿರುವ ರಕ್ಷಣೆ

ಹುಣಸಗಿ: ಬೈಕ್ ಅಪಘಾತ, ಎತ್ತರದಿಂದ ಬೀಳುವುದು, ಹೊಡೆದಾಟ ಇತ್ಯಾದಿಗಳಿಂದ ತಲೆಗೆ ಬಿದ್ದ ಪೆಟ್ಟಿನ ಗಾಯ ಮಾಯ್ದರೂ ಮಿದುಳಿಗಾದ ಹಾನಿ ಉಳಿಯಬಹುದು. ಮರೆವು, ಮುಂಗೋಪ, ಮಾತನ್ನು ಗ್ರಹಿಸಲು ವಿಳಂಬ ಅದರ ಲಕ್ಷಣಗಳು. ಇಂಥವರು ಪ್ರಕರಣವೊಂದರಲ್ಲಿ ಸಿಲುಕಿದಾಗ ಮರೆವು ಸುಳ್ಳಿನಂತೆಯೂ ಕೋಪ ಉದ್ಧಟತನದಂತೆಯೂ ಕಾಣುವ ಅಪಾಯವಿದೆ.

ಅಧ್ಯಯನಗಳು

ನಿಮ್ಹಾನ್ಸ್ ತಜ್ಞರು ಬೆಂಗಳೂರು ಕೇಂದ್ರ ಕಾರಾಗೃಹದ 5,024 ಕೈದಿಗಳ ಅಧ್ಯಯನ ನಡೆಸಿ 2011ರಲ್ಲಿ ವರದಿ ಪ್ರಕಟಿಸಿದರು. ಶೇ 79.6ರಷ್ಟು ಮಂದಿಯಲ್ಲಿ ಮನೋರೋಗ ಅಥವಾ ವ್ಯಸನ ಕಂಡುಬಂದಿತ್ತು. ವ್ಯಸನವನ್ನು ಹೊರತುಪಡಿಸಿದರೂ ಶೇ 27.6ರಷ್ಟು ಮಂದಿಗೆ ಮನೋರೋಗವಿತ್ತು. ವಿದೇಶಿ ಅಧ್ಯಯನಗಳನ್ನು ಒಟ್ಟುಗೂಡಿಸಿದ 2010ರ ವಿಶ್ಲೇಷಣೆಯೊಂದು, ಸುಮಾರು ಶೇ 60ರಷ್ಟು ಕೈದಿಗಳಿಗೆ ಹಿಂದೆ ತಲೆಪೆಟ್ಟಾಗಿತ್ತೆಂದು ಅಂದಾಜಿಸಿತು. ತಲೆಪೆಟ್ಟೇ ಅಪರಾಧಕ್ಕೆ ಕಾರಣವೆಂದು ಇದರ ಅರ್ಥವಲ್ಲ. ಬಡತನ, ಕುಡಿತ, ಹಿಂಸೆ ಎರಡಕ್ಕೂ ಹಿನ್ನೆಲೆಯಾಗಿರಬಹುದು.

ಕಾನೂನು ಏನೆನ್ನುತ್ತದೆ?

* ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಂ (ಹಿಂದಿನ ಐಪಿಸಿ 84) ಪ್ರಕಾರ, ಚಿತ್ತವಿಕಲತೆಯಿಂದಾಗಿ ತನ್ನ ಕೃತ್ಯದ ಸ್ವರೂಪವನ್ನಾಗಲಿ ಅದು ತಪ್ಪೆಂಬುದನ್ನಾಗಲಿ ಅರಿಯಲಾರದವನ ಕೃತ್ಯ ಅಪರಾಧವಲ್ಲ. ಇದನ್ನು ತೋರಿಸುವ ಹೊಣೆ ಆರೋಪಿಯದು. ಕೃತ್ಯದ ವೇಳೆಯ ಮನಃಸ್ಥಿತಿಯೇ ನಿರ್ಣಾಯಕವೆಂದು ಸುಪ್ರೀಂ ಕೋರ್ಟ್ 1964ರಲ್ಲಿ ಹೇಳಿದೆ.

* ಆರೋಪಿ ತನ್ನ ಪರ ವಾದಿಸಿಕೊಳ್ಳಲು ಅಶಕ್ತನೆಂದು ಕಂಡರೆ, ನಾಗರಿಕ ಸುರಕ್ಷಾ ಸಂಹಿತೆಯ 367 ಮತ್ತು 368ನೇ ಕಲಂಗಳಂತೆ ನ್ಯಾಯಾಲಯ ಮೊದಲು ಆತನ ಮನಃಸ್ಥಿತಿಯನ್ನು ಪರಿಶೀಲಿಸಬೇಕು.

* ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆ 2017ರ 103ನೇ ಕಲಂ, ಪ್ರತಿ ರಾಜ್ಯದ ಕನಿಷ್ಠ ಒಂದು ಕಾರಾಗೃಹದ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಚಿಕಿತ್ಸಾ ವ್ಯವಸ್ಥೆಯನ್ನು ಕಡ್ಡಾಯಗೊಳಿಸಿದೆ.

ದಾಖಲೆಯೇ ಆಧಾರ

ಈ ರಕ್ಷಣೆಗಳು ಫಲಿಸಲು ವೈದ್ಯಕೀಯ ದಾಖಲೆ ಬೇಕು. ಹುಣಸಗಿ, ಸುರಪುರ ಭಾಗದ ತೊಡಕು ಇಲ್ಲಿಯೇ ಇದೆ. ನಿಮ್ಹಾನ್ಸ್ ಬೆಂಗಳೂರಿನಲ್ಲಿದೆ, ಡಿಮ್ಹಾನ್ಸ್ ಧಾರವಾಡದಲ್ಲಿದೆ. ಗುಳೆ ಹೋದ ಕಾರ್ಮಿಕರಿಗೆ ಕಟ್ಟಡ ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಕಾಗದಗಳು ಪರ ಊರಿನಲ್ಲಿಯೇ ಉಳಿದುಬಿಡಬಹುದು. ಆದ್ದರಿಂದ ಆಸ್ಪತ್ರೆಯ ಬಿಡುಗಡೆ ಪತ್ರ, ಸ್ಕ್ಯಾನ್ ವರದಿ, ಔಷಧ ಚೀಟಿಗಳನ್ನು ಕುಟುಂಬದವರು ಕಾಪಾಡಿಕೊಳ್ಳಬೇಕು. ಬಂಧನವಾದರೆ ವಕೀಲರಿಗೂ ಕಾರಾಗೃಹದ ವೈದ್ಯರಿಗೂ ಹಿಂದಿನ ಪೆಟ್ಟಿನ ವಿಷಯವನ್ನು ಕೂಡಲೇ ತಿಳಿಸಬೇಕು.

ನೆರವು ಎಲ್ಲಿ?

ಬಂಧನದಲ್ಲಿರುವವರು ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ 1987ರ 12ನೇ ಕಲಂನಂತೆ ಉಚಿತ ಕಾನೂನು ನೆರವಿಗೆ ಅರ್ಹರು. ಯಾದಗಿರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಕುಟುಂಬದವರು ಅರ್ಜಿ ಸಲ್ಲಿಸಬಹುದು. ಮಾನಸಿಕ ಆರೋಗ್ಯದ ಸಲಹೆಗೆ 2022ರಲ್ಲಿ ಆರಂಭವಾದ ಟೆಲಿ ಮನಸ್ ಉಚಿತ ಸಹಾಯವಾಣಿ 14416 ಇದೆ.