ಅರೆಪಾರದರ್ಶಕ ಛಾವಣಿ ಹಾಳೆ

ಅರೆಪಾರದರ್ಶಕ ಛಾವಣಿ ಹಾಳೆಯು ಹಗಲು ಬೆಳಕನ್ನು ಚದುರಿಸಿ ಕಟ್ಟಡದ ಒಳಕ್ಕೆ ಬಿಡುವ, ಆದರೆ ಆಚೆಗಿನ ವಸ್ತುಗಳನ್ನು ಸ್ಪಷ್ಟವಾಗಿ ಕಾಣಗೊಡದ ಹೊದಿಕೆಯಾಗಿದೆ. ಕಾರ್ಖಾನೆ, ಗೋದಾಮು, ಮಾರುಕಟ್ಟೆ ಮತ್ತು ದನದ ಕೊಟ್ಟಿಗೆಗಳಲ್ಲಿ ಲೋಹದ ತಗಡು ಅಥವಾ ಸಿಮೆಂಟ್ ಶೀಟುಗಳ ನಡುನಡುವೆ ಇದನ್ನು ಅಳವಡಿಸುತ್ತಾರೆ. ಆಡುಮಾತಿನಲ್ಲಿ ‘ಫೈಬರ್ ಶೀಟು’ ಎಂಬ ಹೆಸರೂ ಇದೆ. ಹಗಲಿನ ವಿದ್ಯುತ್ ಖರ್ಚನ್ನು ತಗ್ಗಿಸುವ ಈ ಹಾಳೆಯೇ ಅನೇಕ ವೇಳೆ ಛಾವಣಿಯ ಅತ್ಯಂತ ದುರ್ಬಲ ಭಾಗವೂ ಆಗಿರುತ್ತದೆ.

ಹಿನ್ನೆಲೆ

ಛಾವಣಿಯಿಂದ ಬೆಳಕು ಪಡೆಯುವ ಕ್ರಮ ಹಳೆಯದು. ಕರಾವಳಿ ಮತ್ತು ಮಲೆನಾಡಿನ ಹೆಂಚಿನ ಮನೆಗಳಲ್ಲಿ ಕತ್ತಲೆಯ ಒಳಕೋಣೆಗಳ ಮೇಲೆ ಒಂದೆರಡು ಗಾಜಿನ ಹೆಂಚುಗಳನ್ನು ಇಡುವುದುಂಟು. ಮಂಗಳೂರು ಹೆಂಚಿನ ಆಕಾರದಲ್ಲೇ ಇರುವುದರಿಂದ ಅವು ಸಾಲಿನಲ್ಲಿ ಸರಿಯಾಗಿ ಕೂರುತ್ತವೆ. ವಿಶಾಲ ಛಾವಣಿಗಳಿಗೆ ಗಾಜು ಭಾರವಾಗುತ್ತಿತ್ತು, ಒಡೆಯುವ ಭಯವೂ ಇತ್ತು. ಇಪ್ಪತ್ತನೆಯ ಶತಮಾನದಲ್ಲಿ ಗಾಜಿನ ನಾರು ಸೇರಿಸಿದ ಪಾಲಿಯೆಸ್ಟರ್ ಹಾಳೆಗಳು ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿತು. ಇನ್ನೊಂದು ಮುಖ್ಯ ವಸ್ತುವಾದ ಪಾಲಿಕಾರ್ಬೊನೇಟನ್ನು 1953ರಲ್ಲಿ ಜರ್ಮನಿಯ ಬೇಯರ್ ಸಂಸ್ಥೆಯ ಹರ್ಮನ್ ಶ್ನೆಲ್ ಮತ್ತು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನ ಡೇನಿಯಲ್ ಫಾಕ್ಸ್ ಪರಸ್ಪರ ಅರಿಯದೆ ಕಂಡುಹಿಡಿದರು.

ಬೆಳಕಿನ ಪ್ರಮಾಣ

ಪಾರದರ್ಶಕ ಗಾಜಿನ ಮೂಲಕ ಬಿಸಿಲು ನೇರವಾಗಿ ಬಿದ್ದು ಒಂದೆಡೆ ಕಣ್ಣು ಕುಕ್ಕಿದರೆ ಇನ್ನೊಂದೆಡೆ ಗಾಢ ನೆರಳು ಉಳಿಯುತ್ತದೆ. ಅರೆಪಾರದರ್ಶಕ ಹಾಳೆಯು ಕಿರಣಗಳನ್ನು ಎಲ್ಲ ದಿಕ್ಕುಗಳಿಗೂ ಹರಡುವುದರಿಂದ ಯಂತ್ರಗಳ ಬಳಿ ಸಮನಾದ ಬೆಳಕು ದೊರೆಯುತ್ತದೆ. ಮೋಡ ಕವಿದ ಆಕಾಶದಡಿ ಹೊರಗಿನ ಬೆಳಕಿನ ಶೇಕಡಾ ಎಷ್ಟು ಭಾಗ ಒಳಗಿನ ಒಂದು ಬಿಂದುವನ್ನು ತಲುಪುತ್ತದೆ ಎಂಬುದನ್ನು ‘ಹಗಲುಬೆಳಕಿನ ಗುಣಾಂಕ’ ಎನ್ನುತ್ತಾರೆ. ಹೊರಗೆ 10,000 ಲಕ್ಸ್ ಇದ್ದು ಗುಣಾಂಕ ಶೇ. 5 ಆಗಿದ್ದರೆ ಒಳಗೆ 500 ಲಕ್ಸ್ ಬೆಳಕಿರುತ್ತದೆ. ಓದು ಬರಹಕ್ಕೆ ಇದು ಸಾಕು.

ಹಾಳೆಗಳನ್ನು ಹೆಚ್ಚಿಸಿದಷ್ಟೂ ಒಳಿತು ಎಂಬುದು ತಪ್ಪು ಲೆಕ್ಕ. ಬೆಳಕಿನೊಂದಿಗೆ ಶಾಖವೂ ಒಳಬರುವುದರಿಂದ, ಬಿಸಿಲ ನಾಡುಗಳಲ್ಲಿ ದೀಪದಲ್ಲಿ ಉಳಿಸಿದ ವಿದ್ಯುತ್ತನ್ನು ಫ್ಯಾನುಗಳೇ ನುಂಗಬಹುದು.

ಅಳವಡಿಕೆ ಮತ್ತು ಸವಕಳಿ

ಪಾಲಿಕಾರ್ಬೊನೇಟ್ ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. 6 ಮೀಟರ್ ಉದ್ದದ ಹಾಳೆ 40 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಸುಮಾರು 15 ಮಿಲಿಮೀಟರ್ ಬೆಳೆಯುತ್ತದೆ. ಆದ್ದರಿಂದ ಸ್ಕ್ರೂವಿಗಿಂತ ದೊಡ್ಡದಾದ ತೂತು ಕೊರೆದು ಮೇಲೆ ರಬ್ಬರ್ ವಾಷರ್ ಕೂರಿಸಬೇಕು. ಬಿಗಿಯಾಗಿ ತಿರುಗಿಸಿಬಿಟ್ಟರೆ ತೂತಿನ ಸುತ್ತ ಬಿರುಕು ಮೂಡಿ ಮಳೆಗಾಲದಲ್ಲಿ ಸೋರುತ್ತದೆ. ನೇರಳಾತೀತ ಕಿರಣಗಳನ್ನು ತಡೆಯುವ ಪದರ ಅನೇಕ ಹಾಳೆಗಳಲ್ಲಿ ಒಂದೇ ಬದಿಗೆ ಇರುತ್ತದೆ. ಆ ಬದಿ ಆಕಾಶಕ್ಕೆ ಮುಖ ಮಾಡಿರಬೇಕು. ಮಗುಚಿ ಹಾಕಿದ ಹಾಳೆ ಬೇಗ ಹಳದಿಗಟ್ಟುತ್ತದೆ.

ನಾರಿನ ಹಾಳೆಗಳಲ್ಲಿ ಬಿಸಿಲಿಗೆ ಮೇಲಿನ ರಾಳ ಸವೆದು ನಾರಿನ ಎಳೆಗಳು ಹೊರಬೀಳುತ್ತವೆ, ಅವುಗಳ ನಡುವೆ ಧೂಳು ಸೇರಿ ಬೆಳಕು ಕುಂದುತ್ತದೆ. ಈ ಬದಲಾವಣೆ ನಿಧಾನವಾದುದರಿಂದ ಒಳಗೆ ದುಡಿಯುವವರ ಗಮನಕ್ಕೆ ಬರುವುದೇ ಇಲ್ಲ.

ಸುರಕ್ಷತೆ

ಛಾವಣಿ ದುರಸ್ತಿಗೆ ಹತ್ತಿದವರು ಹಾಳೆ ಮುರಿದು ಕೆಳಗೆ ಬೀಳುವುದು ಹಲವು ದೇಶಗಳಲ್ಲಿ ಪದೇ ಪದೇ ವರದಿಯಾಗುವ ಮಾರಣಾಂತಿಕ ಅವಘಡ. ಹಳೆಯ ಹಾಳೆ ಮಳೆ, ಬಿಸಿಲಿಗೆ ಪೆಡಸಾಗಿರುತ್ತದೆ. ಧೂಳು, ಪಾಚಿ ಅಥವಾ ಬಣ್ಣ ಮುಚ್ಚಿದಾಗ ಸುತ್ತಲಿನ ತಗಡಿನಿಂದ ಅದನ್ನು ಬೇರೆಯಾಗಿ ಗುರುತಿಸುವುದೂ ಕಷ್ಟ. ಅಮೆರಿಕದ ಕಾರ್ಮಿಕ ಸುರಕ್ಷತಾ ನಿಯಮಗಳು ಛಾವಣಿಯ ಬೆಳಕಿಂಡಿಯನ್ನು ತೆರೆದ ರಂಧ್ರದಂತೆಯೇ ಪರಿಗಣಿಸಿ ಅದಕ್ಕೆ ಮುಚ್ಚಳ, ಕಟಾಂಜನ ಅಥವಾ ಇತರ ರಕ್ಷಣೆಯನ್ನು ಕಡ್ಡಾಯಗೊಳಿಸಿವೆ. ಹಾಳೆಯ ಕೆಳಗೆ ಉಕ್ಕಿನ ಜಾಲರಿ ಕಟ್ಟುವುದು, ಓಡಾಟಕ್ಕೆ ಹಲಗೆ ಹಾಸುವುದು, ಸೊಂಟಪಟ್ಟಿಗಿಂತ ಇಡೀ ಮೈಯನ್ನು ಹಿಡಿಯುವ ಸುರಕ್ಷಾ ಪಟ್ಟಿ ತೊಡುವುದು ಬಳಕೆಯಲ್ಲಿರುವ ಕ್ರಮಗಳು. ಸ್ಕ್ರೂಗಳ ಸಾಲಿನ ಮೇಲೆ ಕಾಲಿಟ್ಟು ನಡೆದರೆ ಅಪಾಯವಿಲ್ಲ ಎಂಬ ನಂಬಿಕೆ ಕೆಲಸಗಾರರಲ್ಲಿದೆ. ಸ್ಕ್ರೂಗಳ ಕೆಳಗೆ ಅಡ್ಡತೊಲೆ ಇರುವುದು ನಿಜವಾದರೂ ಒಂದು ಹೆಜ್ಜೆ ಜಾರಿದರೆ ಭಾರವೆಲ್ಲ ಬರಿಯ ಹಾಳೆಯ ಮೇಲೆ ಬೀಳುತ್ತದೆ.