ಕಾಫಿ ಮಲೆನಾಡಿನ ಈಜುಕೊಳಗಳಲ್ಲಿ ನೀರಿನ ಸೋರಿಕೆ

ಈಜುಕೊಳದ ನೀರನ್ನು ಸೆಳೆದು, ಸೋಸಿ, ಮರಳಿ ಕೊಳಕ್ಕೆ ಬಿಡುವ ಮೋಟರ್, ಮರಳಿನ ಫಿಲ್ಟರ್, ವಾಲ್ವ್ ಹಾಗೂ ಪೈಪುಗಳ ಮೂಲಕವಾಗಲಿ, ಕೊಳದ ಗೋಡೆ ಮತ್ತು ತಳದ ಮೂಲಕವಾಗಲಿ ನೀರು ಹೊರಹೋಗುವುದನ್ನು ಈಜುಕೊಳದ ಸೋರಿಕೆ ಎನ್ನುತ್ತಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸ ಸೀಮೆಯ ಕಾಫಿ ತೋಟಗಳಲ್ಲಿ ಹೋಂಸ್ಟೇಗಳು ಹೆಚ್ಚಿದಂತೆ ಕೆಲವು ತೋಟದ ಮನೆಗಳ ಪಕ್ಕದಲ್ಲಿ ಸಣ್ಣ ಈಜುಕೊಳಗಳೂ ಬಂದಿದ್ದು, ಇಲ್ಲಿನ ದೀರ್ಘ ಮಳೆಗಾಲ ಮತ್ತು ಇಳಿಜಾರು ನೆಲದಿಂದಾಗಿ ಸೋರಿಕೆಯನ್ನು ಪತ್ತೆ ಮಾಡುವ ಕ್ರಮವೂ ಅದರ ಪರಿಣಾಮವೂ ಬಯಲುಸೀಮೆಗಿಂತ ಬೇರೆಯಾಗಿವೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸೋರಿಹೋದ ನೀರಿನ ಜಾಗವನ್ನು ಮಳೆಯೇ ತುಂಬಿಬಿಡುವುದರಿಂದ ಮತ್ತು ಮೋಟರ್ ಮನೆಯ ಸುತ್ತಲಿನ ನೆಲ ಹೇಗೂ ಹಸಿಯಾಗಿರುವುದರಿಂದ ದೋಷ ಕಣ್ಣಿಗೆ ಬೀಳುವುದಿಲ್ಲ. ಆದ್ದರಿಂದ ಪರೀಕ್ಷೆಗೆ ತಕ್ಕ ಕಾಲವೆಂದರೆ ಡಿಸೆಂಬರ್‌ನಿಂದ ಫೆಬ್ರವರಿಯವರೆಗಿನ ಒಣ ತಿಂಗಳುಗಳು. ರೊಬಸ್ಟಾ ತೋಟಗಳಲ್ಲಿ ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಲು ಬೇಕಾದ ಬೇಸಿಗೆಯ ಮೊದಲ ಮಳೆ, ಬಾರದಿದ್ದರೆ ಫೆಬ್ರವರಿ–ಮಾರ್ಚ್‌ನಲ್ಲಿ ಸ್ಪ್ರಿಂಕ್ಲರ್ ಹಾಕಿ ಹೂ ಅರಳಿಸಬೇಕಾಗುತ್ತದೆ ಮತ್ತು ಕೆಲವು ವಾರಗಳ ಬಳಿಕ ಕಾಯಿ ನಿಲ್ಲಲು ಮತ್ತೊಮ್ಮೆ ನೀರು ಕೊಡಬೇಕಾಗುತ್ತದೆ. ತೋಟದ ಕೆರೆಯಿಂದಲೇ ಕೊಳವನ್ನೂ ತುಂಬಿಸುವ ಕಡೆಗಳಲ್ಲಿ ಸೋರಿಕೆಯಿಂದಾಗುವ ನಷ್ಟ ನೇರವಾಗಿ ಗಿಡದ ಪಾಲಿನದು.

8 ಮೀಟರ್ ಉದ್ದ, 4 ಮೀಟರ್ ಅಗಲದ ಕೊಳದಲ್ಲಿ ಮಟ್ಟ ಒಂದು ಸೆಂಟಿಮೀಟರ್ ಇಳಿದರೆ 320 ಲೀಟರ್ ನೀರು ಹೋದಂತೆ. ಒಣಹವೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರಿನಷ್ಟು ನೀರು ಆವಿಯಾಗಿ ಹೋಗುವುದು ಸಹಜವಾದ್ದರಿಂದ ಆವಿಯನ್ನು ಸೋರಿಕೆಯಿಂದ ಬೇರ್ಪಡಿಸಿ ನೋಡಬೇಕು. ಇದಕ್ಕೆ ಬಕೆಟ್ ಪರೀಕ್ಷೆ ಸಾಕು: ಕೊಳದ ನೀರನ್ನೇ ತುಂಬಿದ ಬಕೆಟನ್ನು ಕೊಳದ ಮೆಟ್ಟಿಲ ಮೇಲೆ ಇಟ್ಟು, ಒಳಗಿನ ಮತ್ತು ಹೊರಗಿನ ನೀರಿನ ಮಟ್ಟಗಳನ್ನು ಗುರುತು ಹಾಕಿ, ಒಂದು ಹಗಲು ಒಂದು ರಾತ್ರಿ ಕಳೆದ ಮೇಲೆ ಹೋಲಿಸಿದಾಗ ಹೊರಗಿನ ಮಟ್ಟ ಹೆಚ್ಚು ಇಳಿದಿದ್ದರೆ ಸೋರಿಕೆ ಇದೆಯೆಂದು ಅರ್ಥ. ಇದನ್ನು ಮೋಟರ್ ಓಡಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಮಾಡಬೇಕು. ಓಡುವಾಗ ಹೆಚ್ಚು ಇಳಿದರೆ ಮೋಟರಿನಿಂದ ಕೊಳಕ್ಕೆ ಮರಳುವ ಒತ್ತಡದ ಲೈನಿನಲ್ಲಿಯೂ, ನಿಂತಾಗ ಹೆಚ್ಚು ಇಳಿದರೆ ಕೊಳದಿಂದ ನೀರು ಸೆಳೆಯುವ ಲೈನಿನಲ್ಲಿಯೂ, ಎರಡೂ ಸಲ ಸಮವಾಗಿ ಇಳಿದರೆ ಕೊಳದ ಗೋಡೆ, ತಳ ಅಥವಾ ದೀಪದ ಗೂಡಿನಲ್ಲಿಯೂ ದೋಷವಿರುವ ಸಂಭವ ಹೆಚ್ಚು. ಗೋಡೆಯ ಬಿರುಕಿನ ಅನುಮಾನವಿದ್ದಲ್ಲಿ ನೀರು ಅಲುಗದಂತೆ ನಿಲ್ಲಿಸಿ, ಸಿರಿಂಜಿನಿಂದ ಬಣ್ಣದ ನೀರನ್ನು ಮೆಲ್ಲಗೆ ಬಿಟ್ಟರೆ ಬಣ್ಣ ಬಿರುಕಿನತ್ತ ಎಳೆಯಾಗಿ ಜಾರುವುದು ಕಾಣುತ್ತದೆ.

ಸೆಳೆಯುವ ಲೈನಿನ ದೋಷವೇ ಜನರನ್ನು ಹೆಚ್ಚು ದಾರಿ ತಪ್ಪಿಸುವಂಥದು. ಮೋಟರ್ ಓಡುವಾಗ ಆ ಲೈನಿನಲ್ಲಿ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕಡಿಮೆಯಿರುವುದರಿಂದ ಸಂದಿಯಿಂದ ನೀರು ಹೊರಬರುವ ಬದಲು ಗಾಳಿ ಒಳನುಗ್ಗುತ್ತದೆ. ಕಸ ಹಿಡಿಯುವ ಬುಟ್ಟಿಯ ಪಾರದರ್ಶಕ ಮುಚ್ಚಳದಡಿ ಗುಳ್ಳೆಗಳು ಏಳುತ್ತವೆ, ಕೊಳಕ್ಕೆ ಮರಳುವ ನೀರಿನ ಬಾಯಲ್ಲೂ ಗುಳ್ಳೆ ಬರುತ್ತದೆ, ಸಂದಿ ದೊಡ್ಡದಾಗಿದ್ದರೆ ಮೋಟರ್ ನೀರು ಹಿಡಿಯುವುದನ್ನೇ ಬಿಡುತ್ತದೆ. ಕೆರೆಯಂಚಿನ ಪಂಪ್‌ಸೆಟ್ಟಿನ ಪೈಪು ಗಾಳಿ ಎಳೆದಾಗ ಆಗುವುದೂ ಇದೇ ಆದ್ದರಿಂದ ತೋಟದ ಪಂಪು ನೋಡಿಕೊಳ್ಳುವವರಿಗೆ ಈ ಲಕ್ಷಣ ಹೊಸದಲ್ಲ. ಅನುಮಾನವಿರುವ ಜೋಡಣೆಗೆ ಶೇವಿಂಗ್ ನೊರೆ ಹಚ್ಚಿ ಮೋಟರ್ ಓಡಿಸಿದರೆ ಸಂದಿ ಇರುವಲ್ಲಿ ನೊರೆಯಲ್ಲಿ ಕುಳಿ ಬಿದ್ದು ಅದು ಒಳಕ್ಕೆ ಸೆಳೆದುಹೋಗುತ್ತದೆ. ಬಹಳ ಸಲ ದೋಷವಿರುವುದು ಮುಚ್ಚಳದ ರಬ್ಬರ್ ಉಂಗುರದಲ್ಲಿ: ಅದರ ಮೇಲೆ ಕೂತ ಮರಳಿನ ಕಾಳು ಒರೆಸಿ, ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿದರೆ ಸರಿಹೋಗುತ್ತದೆ, ಸೀಳಿದ್ದರೆ ಮಾತ್ರ ಹೊಸದು ಬೇಕು.

ಮೋಟರಿನ ಮುಂಭಾಗ ಮತ್ತು ಪಂಪು ಸೇರುವಲ್ಲಿ ಹನಿ ಬೀಳುತ್ತಿದ್ದರೆ ತಿರುಗುವ ದಂಡದ ಸೀಲ್ ಸವೆದಿದೆ. ಇದನ್ನು ತಡಮಾಡದೆ ಬದಲಿಸುವುದು ಒಳ್ಳೆಯದು, ಏಕೆಂದರೆ ಅಲ್ಲಿ ಸೋರಿದ ನೀರು ಬೇರಿಂಗ್‌ಗೆ ಹೋಗಿ ಮೋಟರನ್ನೇ ಕೆಡಿಸುತ್ತದೆ. ಫಿಲ್ಟರಿನ ಮೇಲಿನ ಬಹುಮುಖ ವಾಲ್ವ್, ಅಂದರೆ ಒಂದೇ ಹಿಡಿಯಿಂದ ನೀರನ್ನು ಸೋಸುವಿಕೆ, ಹಿಮ್ಮುಖ ತೊಳೆತ, ಹೊರಚೆಲ್ಲುವಿಕೆ ಮುಂತಾದ ಬೇರೆಬೇರೆ ದಾರಿಗೆ ತಿರುಗಿಸುವ ಸಾಧನ, ಸೋರುವ ರೀತಿ ಬೇರೆ. ಅದರೊಳಗಿನ ಕಡ್ಡಿಚಕ್ರದ ಆಕಾರದ ರಬ್ಬರ್ ವಾಷರ್ ಸವೆದರೆ ಹೊರಗೆ ಒಂದು ಹನಿಯೂ ಬೀಳದೆ ನೀರು ತ್ಯಾಜ್ಯದ ಪೈಪಿನಲ್ಲಿ ಸದ್ದಿಲ್ಲದೆ ಹರಿದುಹೋಗುತ್ತಿರುತ್ತದೆ. ತೋಟದ ಮನೆಗಳಲ್ಲಿ ಆ ಪೈಪಿನ ತುದಿ ಕಾಫಿ ಗಿಡಗಳ ನಡುವೆ ಎಲೆಯಡಿ ಹುದುಗಿರುವುದುಂಟು. ಸೋಸುವ ಸ್ಥಿತಿಯಲ್ಲಿ ಮೋಟರ್ ಓಡುವಾಗ ಅಲ್ಲಿ ನೀರು ಬರುತ್ತಿದ್ದರೆ ಹುಡುಕಾಟ ಅಲ್ಲಿಗೆ ಮುಗಿಯಿತು. ಮೋಟರ್ ಓಡುತ್ತಿರುವಾಗಲೇ ಹಿಡಿ ತಿರುಗಿಸುವುದು ಈ ವಾಷರ್ ಹಾಳಾಗಲು ಸಾಮಾನ್ಯ ಕಾರಣ. ಯಾವ ಭಾಗ ಬಿಚ್ಚುವ ಮೊದಲೂ ಮೇನ್ ಸ್ವಿಚ್ ಆರಿಸಬೇಕು. ಒದ್ದೆ ನೆಲದ ಮೋಟರ್ ಮನೆಗೆ 30 ಮಿಲಿಆಂಪಿಯರ್‌ಗೆ ಕಡಿತಗೊಳ್ಳುವ ಸುರಕ್ಷಾ ಸ್ವಿಚ್ ಇರಲೇಬೇಕು.

ನೆಲದಡಿಯ ಪೈಪಿನ ಸೋರಿಕೆ ಇವೆಲ್ಲಕ್ಕಿಂತ ಗಂಭೀರ. ಗುಡ್ಡದ ಓರೆಯನ್ನು ಒಂದು ಕಡೆ ಕಡಿದು ಇನ್ನೊಂದು ಕಡೆ ಮಣ್ಣು ತುಂಬಿಸಿ ಕೊಳ ಕಟ್ಟಿದ್ದರೆ ತುಂಬಿದ ಮಣ್ಣು ಕೆಲವು ಮಳೆಗಾಲಗಳಲ್ಲಿ ಕುಸಿದು ಕೂರುತ್ತದೆ ಮತ್ತು ಪಿವಿಸಿ ಪೈಪಿನ ಜೋಡಣೆ ಅಲ್ಲಿ ಬಿಟ್ಟುಕೊಳ್ಳುತ್ತದೆ. ಪೈಪಿನ ಎರಡೂ ಬಾಯಿಗೆ ರಬ್ಬರ್ ಬಿರಡೆ ಹಾಕಿ, ನೀರು ತುಂಬಿ, ಸುಮಾರು ಒಂದು ಬಾರ್ ಒತ್ತಡ ಕೊಟ್ಟು, ಒತ್ತಡಮಾಪಕದ ಮುಳ್ಳು ಇಳಿಯುತ್ತದೆಯೇ ಎಂದು ಅರ್ಧ ಗಂಟೆ ನೋಡುವುದು ಇದರ ಪರೀಕ್ಷೆ. ದಿನವೂ ಒಸರುವ ನೀರು ಇಳಿಜಾರಿನ ಮಣ್ಣಿನ ಹಿಡಿತವನ್ನು ಸಡಿಲಿಸುತ್ತದೆ. 2019ರ ಆಗಸ್ಟ್‌ನ ಭಾರಿ ಮಳೆಯಲ್ಲಿ ಮೂಡಿಗೆರೆ ತಾಲ್ಲೂಕಿನ ಮಲೆಮನೆ ಮೊದಲಾದ ಕಡೆ ಗುಡ್ಡ ಕುಸಿದು ಮನೆಗಳು ನಾಶವಾದವು. ಮಳೆಯಿಂದಲೇ ಅಷ್ಟು ನೀರುಂಡು ಭಾರವಾಗುವ ಈ ನೆಲಕ್ಕೆ ಕೊಳದ ನೀರನ್ನೂ ಉಣಿಸುವುದು ಅಕ್ಷಮ್ಯ ಅಜಾಗರೂಕತೆ.

ಸೋರಿಕೆ ಹುಡುಕಲು ಮಳೆಗಾಲದಲ್ಲಿ ಕೊಳ ಬರಿದು ಮಾಡುವುದು ಸಲ್ಲದು. ಸುತ್ತಲಿನ ಮಣ್ಣಿನಲ್ಲಿ ನೀರಿನ ಮಟ್ಟ ಏರಿರುವಾಗ ಒಳಗಿನ ನೀರಿನ ಭಾರ ಇಲ್ಲವಾದರೆ ಹೊರಗಿನ ಒತ್ತಡಕ್ಕೆ ಕೊಳದ ತಳ ಬಿರಿಯಬಹುದು, ಫೈಬರ್ ಕೊಳವಾದರೆ ಇಡಿಯಾಗಿ ಮೇಲೇಳಲೂಬಹುದು. ಕೊಳ ಖಾಲಿ ಮಾಡಲೇಬೇಕಾದ ದುರಸ್ತಿಯನ್ನು ಮಾರ್ಚ್‌ವರೆಗೆ ಕಾಯ್ದಿರಿಸಿ, ಅಲ್ಲಿಯವರೆಗೆ ಸೋರುವ ಲೈನಿನ ವಾಲ್ವನ್ನಷ್ಟೇ ಮುಚ್ಚಿಡುವುದು ಸುರಕ್ಷಿತ ಕ್ರಮ.